ವಿಭೂತಿ ಬಳಿದುಕೊಂಡ ಸ್ಕ್ರೂಡ್ರೈವರ್

ಈ ಸಲದ ಆಯುಧಪೂಜೆಯಲ್ಲಿ ನಮ್ಮತ್ತೆ ನನ್ನ ಬ್ಯಾಟರಿ ಸ್ಕ್ರೂಡ್ರೈವರಿಗೆ ವಿಭೂತಿ ಹಚ್ಚಿದರು. ಹಚ್ಚಲಿ, ಸಂತೋಷ. ಆದರೆ ಎಲ್ಲಿಗೆ ಹಚ್ಚಿದರು ಗೊತ್ತಾ? ಚಾರ್ಜಿಂಗ್ ತೂತಿಗೆ!

ನೀರಲ್ಲಿ ಕಲಸಿದ ವಿಭೂತಿ. ಮೂರು ಬೆರಳಲ್ಲಿ ಮೂರು ಗೆರೆ. ನಡುವಿನ ಗೆರೆ ಸರಿಯಾಗಿ ಆ ಪುಟ್ಟ ತೂತಿನ ಮೇಲೇ ಹಾದು, ಒಳಗೂ ಇಳಿದು, ಒಣಗಿ, ಗಾರೆಯ ಹಾಗೆ ಕೂತುಬಿಟ್ಟಿತ್ತು. ಮೇಲೊಂದು ಕುಂಕುಮದ ಬೊಟ್ಟು. ಅದಕ್ಕೆ ಅಂಟಿಕೊಂಡ ಒಂದು ಸೇವಂತಿಗೆ ಎಸಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದೇ ಸ್ಕ್ರೂಡ್ರೈವರಿನಿಂದ ನಾನು ಇಪ್ಪತ್ತನಾಲ್ಕು ಸ್ಕ್ರೂ ಬಿಗಿಯಬೇಕಾಗಿ ಬಂತು. ಬಿಗಿಯದಿದ್ದರೆ ಒಂದು ಕೂಸಿಗೆ ತೊಟ್ಟಿಲಿಲ್ಲ. (ಬಿಗಿದೆನೋ ಇಲ್ಲವೋ ನೋಡಲು ಕೊನೆಯ ಪ್ಯಾರಾಕ್ಕೆ ಹಾರಬೇಡಿ. ಸೋತ ಕಥೆಯನ್ನು ಅಂಕಣದಲ್ಲಿ ಬರೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ.)

ಮೊದಲಿಂದ ಹೇಳುತ್ತೇನೆ.

ಹೋದ ವರ್ಷ ನಾನು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡದ್ದು ನಿಮಗೆ ನೆನಪಿರಬಹುದು. (ಎಡಗೈಲಿ ಟೈಪ್ ಮಾಡಿದ ಆ ಎರಡು ತಿಂಗಳ ಅಂಕಣಗಳನ್ನು ಮರೆತಿದ್ದರೆ ಅದು ನಿಮ್ಮ ಔದಾರ್ಯ.) ಒಳಗೆ ಪ್ಲೇಟ್ ಕೂರಿಸಿದರು. ಮೂಳೆ ಕೂಡಿತು. ಎತ್ತುವುದು, ಹಿಡಿಯುವುದು, ಬರೆಯುವುದು ಎಲ್ಲ ಮರಳಿ ಬಂತು. ಬಾರದೆ ಉಳಿದದ್ದು ಒಂದೇ, ತಿರುಗಿಸುವುದು.

ದಿನಕ್ಕೆ ಎಷ್ಟು ಸಲ ನಾವು ಏನನ್ನಾದರೂ ತಿರುಗಿಸುತ್ತೇವೆ ಅಂತ ಎಣಿಸಿದ್ದೀರಾ? ನಾನು ಎಣಿಸಿದ್ದೇನೆ. ನಲ್ಲಿ, ಬೀಗ, ನೀರಿನ ಬಾಟಲಿ, ಉಪ್ಪಿನಕಾಯಿ ಡಬ್ಬಿಯ ಮುಚ್ಚಳ. ಒಗೆದ ಸೀರೆ ಹಿಂಡುವುದಂತೂ ಕೇಳಲೇಬೇಡಿ. ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಮೊಣಕೈವರೆಗೂ ಜುಂ ಅನ್ನುತ್ತದೆ.

ಆಮೇಲೆ ಶುರುವಾಯಿತು ನೋಡಿ, ಕುರ್ಚಿಯ ಕಾಟ.

ಯಾರ ಮನೆಯ ಕಾರ್ಯಕ್ಕೆ ಹೋದರೂ ಹೊಸಿಲು ದಾಟುವುದೇ ತಡ, ಒಂದು ಪ್ಲಾಸ್ಟಿಕ್ ಕುರ್ಚಿ ಬಂದು ನನ್ನ ಹಿಂದೆ ನಿಲ್ಲುತ್ತದೆ. "ಕೂತ್ಕೊಳ್ರಿ ಕೂತ್ಕೊಳ್ರಿ, ನಿಮ್ಮ ಕೈ ನೋವು." ಹೋಳಿಗೆ ಲಟ್ಟಿಸಲು ಕೂತರೆ ಲಟ್ಟಣಿಗೆ ಕಸಿಯುತ್ತಾರೆ. ಹೂ ಕಟ್ಟಲು ಹೋದರೆ ದಾರ ಕಸಿಯುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಮಾಡುವುದು, ಅದು ಗೊತ್ತು. ಆದರೆ ಐವತ್ತಮೂರನೇ ವಯಸ್ಸಿಗೆ ನನ್ನನ್ನು ಸಾಮಾನುಗಳ ಲಿಸ್ಟಿಗೆ ಸೇರಿಸಿ ಮೂಲೆಯಲ್ಲಿಟ್ಟರಲ್ಲ ಅಂತ ಎಷ್ಟೋ ದಿನ ಅಳು ಬಂದಿದೆ. ಕೂತವರನ್ನು ಯಾರೂ ಏನೂ ಕೇಳುವುದಿಲ್ಲ, ಕಾಫಿ ಬೇಕಾ ಅನ್ನುವುದೊಂದು ಬಿಟ್ಟು.

ಹೀಗಿರುವಾಗ ನನ್ನ ತಂಗಿ ಸುಮಳ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಸುಮ ಇರುವುದು ಸೊರಬದ ಆಚೆ ಉಳವಿಯಲ್ಲಿ. ವಿಜಯದಶಮಿಯ ದಿನ ಮುಹೂರ್ತ ನೋಡುವುದೇ ಬೇಡವಲ್ಲ, ಅಂದೇ ತೊಟ್ಟಿಲಿಗೆ ಹಾಕುವ ಕಾರ್ಯ ಅಂತ ನಿಶ್ಚಯವಾಯಿತು.

ನಮ್ಮ ತವರಿನದೊಂದು ತೊಟ್ಟಿಲಿದೆ. ಸಾಗವಾನಿಯದು. ಎರಡು ಬದಿಗೆ ಕಾಲು, ಮೇಲೆ ಅಡ್ಡಪಟ್ಟಿ, ನಡುವೆ ತೂಗುವ ಪೆಟ್ಟಿಗೆ. ಅದಕ್ಕೊಂದು ಪದ್ಧತಿಯೂ ಇದೆ. ಕೊನೆಯ ಕೂಸು ಯಾರ ಮನೆಯಲ್ಲಿ ಮಲಗಿತೋ ಅವರ ಮನೆಯಲ್ಲೇ ತೊಟ್ಟಿಲು ಇರಬೇಕು. ಮುಂದಿನ ಕೂಸು ಹುಟ್ಟಿದಾಗ ಅವರೇ ಅದನ್ನು ಬಿಚ್ಚಿ ಒಯ್ದು, ಆ ಮನೆಯಲ್ಲಿ ತಮ್ಮ ಕೈಯಾರೆ ನಿಲ್ಲಿಸಿಕೊಡಬೇಕು. ನಮ್ಮ ಕೂಸು ಚೆನ್ನಾಗಿ ಬೆಳೆದ ಹಾಗೆ ನಿಮ್ಮದೂ ಬೆಳೆಯಲಿ ಅಂತ. ನಾಲ್ಕು ವರ್ಷದ ಹಿಂದೆ ಅದರಲ್ಲಿ ನನ್ನ ಮೊಮ್ಮಗ ಮಲಗಿದ್ದ. ಆಮೇಲೆ ಶಿಕಾರಿಪುರದ ನಮ್ಮ ಮನೆಯಲ್ಲಿ ಹಳೇ ಕಂಬಳಿಗಳು ಮಲಗಿದ್ದವು.

ಅಂದರೆ ಈ ಸಲ ಸರದಿ ನನ್ನದು. ಸುಮ ಫೋನ್ ಮಾಡಿದಳು.

"ಅಕ್ಕ, ನೀ ಎಂತದೂ ಹಚ್ಕಬೇಡ. ತೊಟ್ಲು ಗಾಡೀಲಿ ಹಾಕ್ಕಂಡ್ ಬಂದ್ರೆ ಸಾಕು. ಇಲ್ಲಿ ಬಡಗಿ ಈಶ್ವರಾಚಾರ್‌ಗೆ ಹೇಳಿಟ್ಟಿದೀನಿ, ಅವ್ರು ಕೂರಿಸಿಕೊಡ್ತಾರೆ. ನೀ ಬಂದು ಆರಾಮಾಗಿ ಕೂತ್ಕ."

ಮತ್ತೆ ಕುರ್ಚಿ! "ಆಯ್ತು ಬಿಡು" ಅಂದು ಫೋನಿಟ್ಟೆ. ಪದ್ಧತಿ ಇರುವುದು ಕೈಯಾರೆ ನಿಲ್ಲಿಸುವುದಕ್ಕೆ. ನನಗೆ ಕೈಯೇ ಇಲ್ಲ ಅಂತ ಇವಳು ತೀರ್ಮಾನಿಸಿದ್ದು ಯಾವಾಗ?

ಮರುದಿನವೇ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಜೊತೆಗೆ ನಮ್ಮ ಮನೆಯವರು. ಅವರ ಅಭಿಪ್ರಾಯ ಮೊದಲೇ ತಿಳಿದಿತ್ತು. "ಸ್ಕ್ರೂಡ್ರೈವರಿಗ್ಯಾಕೆ ಬ್ಯಾಟರಿ? ನಾನಿಲ್ವಾ?" ಇದ್ದಾರೆ, ಸಂತೋಷ. ಆದರೆ ಅವರು ಸ್ಕ್ರೂ ತಿರುಗಿಸಿದರೆ ಸ್ಕ್ರೂವಿನ ತಲೆ ಸವೆಯುತ್ತದೆ, ಸ್ಕ್ರೂ ಮಾತ್ರ ಇದ್ದಲ್ಲೇ ಇರುತ್ತದೆ.

ಅಂಗಡಿಯವರು ಮೊದಲು ತಂದು ಟೇಬಲ್ಲಿನ ಮೇಲಿಟ್ಟದ್ದು ದೊಡ್ಡ ಡ್ರಿಲ್ಲಿಂಗ್ ಮಶೀನು. "ಗ್ವಾಡಿ ಕೊರೀತೈತಿ, ಕಬ್ಬಿಣ ಕೊರೀತೈತಿ, ಏನ್ ಬೇಕಾದ್ರೂ ಮಾಡ್ತೈತ್ರಿ ಅಕ್ಕಾರ."

ನಾನು ಅದನ್ನು ಹಿಡಿದು ಕೈ ಮುಂದೆ ಚಾಚಿ ನಿಂತೆ. ಮನಸ್ಸಲ್ಲೇ ಅರವತ್ತು ಎಣಿಸಬೇಕು ಅಂತ ಲೆಕ್ಕ. ಹದಿನೆಂಟಕ್ಕೇ ಮಣಿಕಟ್ಟು ಸಾಕು ಅಂತು. "ನಾನು ಏನೂ ಕೊರೆಯೋದಿಲ್ರೀ. ಸ್ಕ್ರೂ ಬಿಗಿಬೇಕು, ಬಿಚ್ಚಬೇಕು, ಅಷ್ಟೇ" ಅಂದೆ.

"ಹಂಗಂದ್ರ ಸಣ್ಣದೊಂದೈತಿ. ಆದ್ರ ಅದು ಆಟದ ಸಾಮಾನಿದ್ದಂಗ್ರೀ. ತಗೊಂಡ್ರ ಗಟ್ಟಿ ತಗೊಳ್ರಿ."

ಈ ಮಾತು ಕೇಳದ ಹೆಂಗಸರು ಯಾರಾದರೂ ಇದ್ದಾರಾ? ನಮಗೆ ಬೇಕಾದ್ದನ್ನು ಕೇಳಿದರೆ ಅದು ಆಟದ ಸಾಮಾನು. ಅವರಿಗೆ ಮಾರಬೇಕಾದ್ದು ಗಟ್ಟಿ. "ಆಟದ್ದೇ ತೋರಿಸ್ರೀ" ಅಂದೆ.

ಒಳಗಿಂದ ಎರಡು ಬಂದವು. ಒಂದು ಟಾರ್ಚಿನ ಹಾಗೆ ಉದ್ದಕ್ಕೆ ನೇರ. ಚಂದ ಇತ್ತು. ಆದರೆ ಸ್ಕ್ರೂ ಬಿಗಿಯಾಗುವ ಕ್ಷಣದಲ್ಲಿ ಯಂತ್ರ ತಾನೇ ತಿರುಗಲು ನೋಡುತ್ತದೆ, ಆ ಎಳೆತವೆಲ್ಲ ಮಣಿಕಟ್ಟಿಗೆ ಬರುತ್ತದೆ. ಬೇಡ. ಇನ್ನೊಂದು ಹಿಡಿಕೆ ಮಡಚಿದರೆ ಪಿಸ್ತೂಲಿನಂತೆ, ಬಿಚ್ಚಿದರೆ ನೇರ. ಅರವತ್ತು ಎಣಿಸಿದೆ, ಕೈ ಸುಮ್ಮನಿತ್ತು. ಹೆಬ್ಬೆರಳಿಗೆ ಸಿಗುವಲ್ಲೇ ಮುಂದಕ್ಕೆ ಹಿಂದಕ್ಕೆ ತಿರುಗಿಸುವ ಸ್ವಿಚ್ಚು. ಮೂತಿಯ ಹತ್ತಿರ ಪುಟ್ಟ ದೀಪ. ಮೊಬೈಲ್ ಚಾರ್ಜರಿನಲ್ಲೇ ಚಾರ್ಜು. ಎಲ್ಲಕ್ಕಿಂತ ಮುಖ್ಯ, ಕೊರಳಲ್ಲಿ ಒಂದು ಉಂಗುರ. ಅದನ್ನು ಬೇಕಾದ ಅಂಕಿಗೆ ಇಟ್ಟರೆ ಅಷ್ಟು ಬಿಗಿಯಾದ ಕೂಡಲೇ ಟರ್ ಟರ್ ಅಂತ ಸದ್ದು ಮಾಡಿ ತಿರುಗುವುದನ್ನು ನಿಲ್ಲಿಸುತ್ತದೆ. ಮರ ಸೀಳುವ ಭಯವಿಲ್ಲ. ಸಾಕು ಅನ್ನುವುದು ಗೊತ್ತಿರುವ ಯಂತ್ರ! (ಮನುಷ್ಯರಲ್ಲಿ ಈ ಉಂಗುರ ಎಲ್ಲಿರುತ್ತದೆ?)

ಒಂದು ಹಲಗೆ ತುಂಡು ಕೇಳಿ, ಕೈಚೀಲದಲ್ಲಿದ್ದ ನಾಲ್ಕು ಸ್ಕ್ರೂ ಅಲ್ಲೇ ಇಳಿಸಿದೆ. ಮೊಳೆ ಕೊಳ್ಳಲು ಬಂದಿದ್ದ ಇಬ್ಬರು ತಿರುಗಿ ನೋಡಿದರು. ಒಂದು ವರ್ಷದ ಮೇಲೆ ಮೊದಲ ಸಲ ನನ್ನ ಬಲಗೈ ಏನನ್ನೋ ತಿರುಗಿಸಿತ್ತು, ನೋವಿಲ್ಲದೆ. ನಾನು ನಗುತ್ತಿದ್ದೆ ಅಂತ ಮನೆಯವರು ಆಮೇಲೆ ಹೇಳಿದರು.

ಮುಂದಿನ ಎರಡು ವಾರ ನಮ್ಮ ಮನೆಯಲ್ಲಿ ಸಡಿಲವಾದದ್ದು ಏನೂ ಉಳಿಯಲಿಲ್ಲ. ಕುಕ್ಕರಿನ ಹಿಡಿಕೆ, ಬೀರುವಿನ ಬಾಗಿಲು, ಪರದೆಯ ಕಂಬಿ, ಅತ್ತೆಯ ಮಂಚದ ತಲೆಕಡೆ ಹಲಗೆ. ತಪ್ಪೂ ಮಾಡಿದೆ. ಸ್ಕ್ರೂವಿನ ತಲೆ ದೊಡ್ಡದಿದ್ದು, ಯಂತ್ರದ ಮೂತಿಗೆ ಸಿಕ್ಕಿಸುವ ಬಿಟ್ ಸಣ್ಣದಾದರೆ ಅದು ಒಳಗೇ ಕುಣಿದು ತಲೆಯನ್ನು ನುಣ್ಣಗೆ ಮಾಡಿಬಿಡುತ್ತದೆ. ಮೊದಲು ಬಿಟ್ಟನ್ನು ನೇರವಾಗಿ ಅದುಮಿ ಹಿಡಿಯಬೇಕು, ಸ್ವಿಚ್ಚು ಆಮೇಲೆ. ಎರಡು ಸ್ಕ್ರೂ ಬಲಿಯಾದ ಮೇಲೆ ಇದು ತಲೆಗೆ ಹೋಯಿತು. ಕೊನೆಗೆ ತೊಟ್ಟಿಲನ್ನೂ ನಾನೇ ಬಿಚ್ಚಿದೆ. ತುಕ್ಕು ಹಿಡಿದ ಹಳೇ ಸ್ಕ್ರೂ ಎಸೆದು, ಅದೇ ಅಳತೆಯ ಹೊಸ ಸ್ಟಾರ್ ಸ್ಕ್ರೂ ಇಪ್ಪತ್ತನಾಲ್ಕು ತಂದೆ. ಮರಕ್ಕೆ ಮರ ಸೇರುವ ಯಾವ ಕೂಡಿಗೆ ಯಾವ ತುಂಡು ಅಂತ ಕಾಡಿಗೆಯಲ್ಲಿ ಅಂಕಿ ಬರೆದೆ. ಸುಮಳಿಗೆ ಇದ್ಯಾವುದನ್ನೂ ಹೇಳಲಿಲ್ಲ.

ಆಯುಧಪೂಜೆ ಬಂತು. ಮನೆಯವರ ಕುಡುಗೋಲು, ಗುದ್ದಲಿ, ಟಿಲ್ಲರಿನ ಕೀಲಿ, ನನ್ನ ಈಳಿಗೆಮಣೆ ಎಲ್ಲ ಸಾಲಾಗಿ ಕೂತವು. ಸಾಲಿನ ಕೊನೆಗೆ ಅತ್ತೆ ನನ್ನ ಸ್ಕ್ರೂಡ್ರೈವರನ್ನೂ ತಂದಿಟ್ಟರು. ನಿಜ ಹೇಳಲಾ? ಎದೆ ಉಬ್ಬಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈಳಿಗೆಮಣೆ ಬಿಟ್ಟು ನನ್ನದು ಅಂತ ಒಂದು ಆಯುಧ ಪೂಜೆಗೆ ಕೂತದ್ದು ಅದೇ ಮೊದಲು.

ಉಬ್ಬಿದ ಎದೆ ಸಂಜೆ ಇಳಿಯಿತು. "ಅತ್ತೆ, ಅದನ್ನ ಚಾರ್ಜಿಗೆ ಹಾಕಬೇಕಿತ್ತು."

"ಪೂಜಿಗಿಟ್ಟಿದ್ದನ್ನ ಮುಟ್ಟಂಗಿಲ್ಲವ್ವ. ವರ್ಷಪೂರ್ತಿ ದುಡಿತಾವು. ಒಂದಿನ ಸುಮ್ನ ಕುಂದರ್ಲಿ ಬಿಡು."

"ಅದು ನಮ್ಮನೆಗೆ ಬಂದು ಎರಡು ವಾರ ಆತು ಅಷ್ಟೇ."

"ಆಯುಧ ಅಂದ್ಮ್ಯಾಲೆ ಆಯುಧನ."

ಕಾರಿಗೂ ಅವತ್ತೇ ಪೂಜೆ. ಅದು ನಿಂಬೆಹಣ್ಣು ಪುಡಿ ಮಾಡಿ ನೇರ ಪೆಟ್ರೋಲ್ ಹಾಕಿಸಲು ಹೋಯಿತು. ಅದಕ್ಕೆ ವಿಶ್ರಾಂತಿ ಬೇಡವಂತೆ. ಹೋಗಲಿ, ಹೇಗೂ ಆಚಾರರು ಇದ್ದಾರಲ್ಲ ಅಂತ ಸುಮ್ಮನಾದೆ.

ವಿಜಯದಶಮಿ ಬೆಳಿಗ್ಗೆ ಅತ್ತೆ ಐದೂವರೆಗೆ ಸ್ನಾನ ಮಾಡಿ ಪೂಜೆ ಕದಲಿಸಿ ಆಯುಧಗಳನ್ನು ಬಿಟ್ಟುಕೊಟ್ಟರು. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು ನೋಡಿದರೆ ತೂತಿನ ತುಂಬ ವಿಭೂತಿ. ಬ್ಯಾಟರಿ ತೋರಿಸುವ ಮೂರು ದೀಪದಲ್ಲಿ ಉರಿಯುತ್ತಿದ್ದದ್ದು ಒಂದೇ.

ತೊಟ್ಟಿಲಿನ ತುಂಡುಗಳನ್ನು ಕಾರಿಗೆ ತುಂಬಿ ಹೊರಟೆವು. ತೂತಿಗೆ ಪಿನ್ನು ಹಾಕಿ ಕೆರೆದರೆ ಒಳಗಿನದು ಹಾಳಾದೀತು ಅಂತ ಭಯ. ಉರಿದು ಮುಗಿದ ಊದಿನಕಡ್ಡಿಯ ಬುಡದ ಕಡ್ಡಿಗಳನ್ನು ಪೂಜೆಯ ತಟ್ಟೆಯಿಂದ ತಂದಿದ್ದೆ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಎರಡು ಕಡ್ಡಿ ಮುರಿದವು. ಸೊರಬ ಬರುವಾಗ ತೂತು ಕಾಣಿಸತೊಡಗಿತು. ಚಾರ್ಜರ್ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಉಳವಿ ಸೇರಿದಾಗ ಏಳೂಮುಕ್ಕಾಲು. ಬಾಗಿಲಲ್ಲಿ ಸುಮ, ಕಣ್ಣು ಕೆಂಪು. ಆಚಾರರು ಆಗ ತಾನೇ ಫೋನ್ ಮಾಡಿದ್ದರಂತೆ. "ಆಯುಧಕ್ಕೆ ಪೂಜೆ ಆಗ್ಯದೆ ಕಣಮ್ಮ. ಹತ್ತೂವರೆಗೆ ಕದಲ್ಸಿ ಬತ್ತೀನಿ."

ಅವರದ್ದೇನು ತಪ್ಪು? "ಹಬ್ಬದ ದಿನ ಬೆಳಿಗ್ಗೆ" ಅಂತ ಸುಮ ಹೇಳಿದ್ದಳು, "ಆಯ್ತು" ಅಂತ ಅವರು ಅಂದಿದ್ದರು. ಬೆಳಿಗ್ಗೆ ಅಂದರೆ ಎಷ್ಟು ಹೊತ್ತಿಗೆ ಅಂತ ಇಬ್ಬರೂ ಕೇಳಿರಲಿಲ್ಲ. ಕತ್ತಿ, ಗುದ್ದಲಿ, ಬೈಕು, ಮಿಕ್ಸಿಗೆಲ್ಲ ಹೂ ಮುಡಿಸಿದ ಆ ಮನೆಯಲ್ಲಿ, ಆಚಾರರ ಉಳಿ ಬಾಚಿಗೂ ಅದೇ ಪೂಜೆ ಇರುತ್ತದೆ ಅಂತ ಒಬ್ಬರಿಗೂ ಹೊಳೆದಿರಲಿಲ್ಲ! ಸುಮಳ ಮನೆಯ ಸ್ಕ್ರೂಡ್ರೈವರೂ ಪೂಜೆಯಲ್ಲೇ ಇತ್ತು. ಅದನ್ನು ಪೂಜೆ ಮಾಡಿಸುವ ಅಯ್ಯನವರೇ ಬಂದು ಕದಲಿಸಬೇಕಂತೆ. ಅಯ್ಯನವರು ಬರುವುದು ಹತ್ತಕ್ಕೆ. ಬಂದ ಕೂಡಲೇ ಕೂಸಿಗೆ ಹೆಸರಿಟ್ಟು ಮುಂದಿನ ಊರಿಗೆ ಹೊರಡಬೇಕು.

"ಸೀರೇಲಿ ಜೋಲಿ ಕಟ್ಟಿದ್ರಾತು" ಅಂದರು ಸುಮಳ ಗಂಡನ ಅಣ್ಣ ಬಸವರಾಜಣ್ಣ. ಸುಮ ಇನ್ನಷ್ಟು ಅತ್ತಳು. ನಮ್ಮ ತವರಿನ ಯಾವ ಕೂಸೂ ಆ ತೊಟ್ಟಿಲು ಬಿಟ್ಟು ಬೇರೆ ಕಡೆ ಹೆಸರು ಪಡೆದಿರಲಿಲ್ಲ. ಅಷ್ಟರಲ್ಲಿ ಯಾರೋ ನನ್ನ ಹಿಂದೆ ಕುರ್ಚಿ ತಂದಿಟ್ಟರು.

ನಾನು ಕೂರಲಿಲ್ಲ. "ಸರದಿ ನಂದು. ತೊಟ್ಟಿಲು ನಾನೇ ನಿಲ್ಲಿಸ್ತೀನಿ" ಅಂದೆ. ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ.

ಬಸವರಾಜಣ್ಣ ಅದನ್ನು ನೋಡಿದರು, ನನ್ನ ಕೈಯನ್ನು ನೋಡಿದರು. "ಇದ್ರಲ್ಲಾ? ಕೂಸು ಮಲಗ್ಸೋದು ಮಾರಾಯ್ತಿ, ಫೋಟೋ ನೇತುಹಾಕೋದಲ್ಲ."

ಮಾತು ಖಾರವಾಗಿತ್ತು, ಆದರೆ ಸುಳ್ಳಲ್ಲ. ಇದು ಸಣ್ಣ ಕೆಲಸದ ಯಂತ್ರವೇ. ತೊಟ್ಟಿಲಿನ ಭಾರ ಹೊರುವುದು ಮರದ ಕೂಡುಗಳು, ಅವು ಅಲುಗದಂತೆ ಹಿಡಿಯುವುದಷ್ಟೇ ಸ್ಕ್ರೂಗಳ ಕೆಲಸ. ಅದು ನನಗೆ ಗೊತ್ತಿತ್ತು, ಬಿಚ್ಚಿದವಳು ನಾನಲ್ಲವೇ? ವಾದ ಮಾಡಲು ಹೊತ್ತಿರಲಿಲ್ಲ.

ಒಂದೇ ದೀಪದ ಬ್ಯಾಟರಿಯನ್ನು ಇಪ್ಪತ್ತನಾಲ್ಕಕ್ಕೆ ಹಂಚಬೇಕು. ಕಾಡಿಗೆಯ ಅಂಕಿ ನೋಡಿ ಕೂಡುಗಳನ್ನು ಮೊದಲು ಸೇರಿಸಿದೆವು. ಬಚ್ಚಲಿನಿಂದ ಸೋಪು ತರಿಸಿ ಪ್ರತಿ ಸ್ಕ್ರೂವಿಗೂ ಉಜ್ಜಿದೆ. ಸೋಪು ಹಚ್ಚಿದರೆ ಜಾರಿಕೊಂಡು ಇಳಿಯುತ್ತದೆ, ಯಂತ್ರಕ್ಕೆ ಶ್ರಮ ಕಮ್ಮಿ. ಮೊದಲ ಎರಡು ಮೂರು ಸುತ್ತನ್ನು ಮನೆಯವರು ಬೆರಳಲ್ಲೇ ತಿರುಗಿಸಿಕೊಟ್ಟರು. (ಬೆರಳಲ್ಲಿ ತಿರುಗಿಸಿದರೆ ತಲೆ ಸವೆಯುವುದಿಲ್ಲ. ಅವರಿಗೆ ಸರಿಯಾದ ಕೆಲಸ ಸಿಕ್ಕಿತ್ತು.) ನಾನು ಬಿಟ್ ಅದುಮಿ ಹಿಡಿದು ಸ್ವಿಚ್ಚು ಒತ್ತುವುದು. ಜೊಯ್ ಅಂತ ಇಳಿದು ಟರ್ ಟರ್. ಮುಂದಿನದು. ಜೊಯ್, ಟರ್ ಟರ್.

ಹದಿನೇಳನೆಯದರ ಅರ್ಧದಲ್ಲಿ ಕೆಂಪು ದೀಪ ಮಿಣಮಿಣ ಅಂದು ಯಂತ್ರ ನಿಂತುಹೋಯಿತು.

ಒಳಕೋಣೆಯಲ್ಲಿ ಕೂಸು ಅಳುತ್ತಿತ್ತು. ಗಂಟೆ ಒಂಬತ್ತು ಹತ್ತು. ನಾನು ಆ ಕುರ್ಚಿಯ ಪಕ್ಕ ನೆಲಕ್ಕೆ ಕೂತು, ಉಳಿದಿದ್ದ ಒಂದೇ ಊದಿನಕಡ್ಡಿಯಿಂದ ತೂತಿನ ಮೂಲೆ ಕೆದಕಿದೆ. ಊದಿದೆ. ಮತ್ತೆ ಕೆದಕಿದೆ. ಅತ್ತೆಯ ಭಕ್ತಿಯನ್ನು ಒಂದೊಂದೇ ಕಣವಾಗಿ ಹೊರಗೆ ತೆಗೆದೆ. ನಾನು ಸೋತರೆ ಇನ್ನು ಜನ್ಮಪೂರ್ತಿ ಕುರ್ಚಿಯೇ ಗತಿ, ಅದು ಖಂಡಿತ.

ಸುಮ ತನ್ನ ಮೊಬೈಲ್ ಚಾರ್ಜರ್ ತಂದು ಕೊಟ್ಟಳು. ಪಿನ್ನು ಚುಚ್ಚಿದೆ. ಟಕ್ ಅಂತು. ಪೂರ್ತಿ ಕೂತಿತ್ತು! ದೀಪ ಹತ್ತಿತು.

ಯಂತ್ರವನ್ನು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಲಗಿಸಿದೆ. ಇಪ್ಪತ್ತು ನಿಮಿಷ ಅದರ ಸುತ್ತ ಎಂಟು ಜನ ನಿಂತಿದ್ದೆವು, ಆಸ್ಪತ್ರೆಯಲ್ಲಿ ಬಂಧುಗಳು ನಿಂತ ಹಾಗೆ. ಒಂಬತ್ತೂಮುಕ್ಕಾಲಿಗೆ ಕೊನೆಯ ಸ್ಕ್ರೂ ಟರ್ ಟರ್ ಅಂತು.

ತೊಟ್ಟಿಲು ನಿಂತಿತ್ತು.

ಕೂಸನ್ನು ಮಲಗಿಸುವ ಮುಂಚೆ ತೊಟ್ಟಿಲಲ್ಲಿ ಗುಂಡುಕಲ್ಲು ಇಟ್ಟು ತೂಗುವುದು ನಮ್ಮಲ್ಲಿ ಶಾಸ್ತ್ರ. ಕುಟ್ಟುವ ಸಣ್ಣ ಕಲ್ಲು ಇಟ್ಟರೂ ಶಾಸ್ತ್ರ ಮುಗಿಯುತ್ತದೆ. ಆದರೆ ಬಸವರಾಜಣ್ಣ ಹಿತ್ತಲಿಗೆ ಹೋಗಿ ಒರಳಿನ ದೊಡ್ಡ ಗುಂಡನ್ನೇ ಹೊತ್ತು ತಂದರು. "ಇದೇ ಆಗ್ಲಿ. ಕೂಸಿನ ವಿಷ್ಯ" ಅಂದರು.

"ಇಡಿ" ಅಂದೆ.

ಹೆಂಗಸರು ಇಬ್ಬರು ಸೇರಿ ಗುಂಡನ್ನು ಮಲಗಿಸಿ ಬಟ್ಟೆ ಹೊದಿಸಿದರು. ಸುಮ ಒಮ್ಮೆ ನನ್ನ ಮುಖ ನೋಡಿ ತೂಗಿದಳು. ಹೋಯಿತು, ಬಂತು. ಹೋಯಿತು, ಬಂತು. ಕಿರ್ ಅನ್ನಲಿಲ್ಲ. ಕಾಲು ಅಲುಗಲಿಲ್ಲ. ಬಸವರಾಜಣ್ಣ ತಾವೇ ಬಗ್ಗಿ ಅಡ್ಡಪಟ್ಟಿ ಹಿಡಿದು ಜಗ್ಗಿ ನೋಡಿದರು. ಎದ್ದು ನಿಂತು ಶಲ್ಯದಿಂದ ಮುಖ ಒರೆಸಿಕೊಂಡರು. "ಕೂಸು ತಗಂಬನ್ನಿ" ಅಂದರು.

ಅಯ್ಯನವರು ಬಂದು ಕೂಸಿಗೆ ಹೆಸರಿಟ್ಟರು. ಜೋಗುಳ ಶುರುವಾದಾಗ ನಾನು ಅತ್ತುಬಿಟ್ಟೆ. ಹೊಗೆ ಅಂತ ಸುಳ್ಳು ಹೇಳಲಿಲ್ಲ. ಎಲ್ಲರೆದುರೇ ಅತ್ತೆ.

ಹತ್ತೂಮುಕ್ಕಾಲಿಗೆ ಈಶ್ವರಾಚಾರರು ಬಂದರು. ಚೀಲದ ಉಳಿಗಳಿಗೆಲ್ಲ ಹಸಿ ಕುಂಕುಮ. ತೊಟ್ಟಿಲಲ್ಲಿ ಕೂಸು ನಿದ್ದೆ ಮಾಡುತ್ತಿರುವುದು ನೋಡಿ ತಬ್ಬಿಬ್ಬಾದರು. ಮೊಣಕಾಲೂರಿ ಒಂದೊಂದೇ ಸ್ಕ್ರೂ ಮೇಲೆ ಉಗುರು ಆಡಿಸಿದರು. ನನಗೆ ಮತ್ತೆ ಪರೀಕ್ಷೆ.

"ಯಾರು ಕೂರ್ಸಿದ್ದು?"

"ನಮ್ಮಕ್ಕ" ಅಂದಳು ಸುಮ. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

"ಒಂದೂ ಮರ ತಿಂದಿಲ್ಲ. ಒಂದೂ ಮೇಲೆದ್ದಿಲ್ಲ. ನಂಗೆ ಕೆಲ್ಸ ಇಲ್ಲ ಇಲ್ಲಿ" ಅಂದರು ಆಚಾರರು. ಸ್ಕ್ರೂಡ್ರೈವರ್ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ತೂತಿನ ಸುತ್ತ ಉಳಿದಿದ್ದ ವಿಭೂತಿ ಕಂಡು ಅದನ್ನೊಮ್ಮೆ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು. ಯಾವ ಪ್ರಶಸ್ತಿ ಬೇಕು ಹೇಳಿ?

ಊಟದ ಹೊತ್ತಿಗೆ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಪಕ್ಕದ ಮನೆಯವರು ಕುಕ್ಕರ್ ತಂದರು. ಒಬ್ಬರು ಕನ್ನಡಕ ತಂದರು. (ಅದಕ್ಕೆ ಬಿಟ್ ಇರಲಿಲ್ಲ, ಕ್ಷಮೆ ಕೇಳಿದೆ.) ಬಸವರಾಜಣ್ಣ ಕೊನೆಗೆ ಬಂದು, ಗಂಟಲು ಸರಿಮಾಡಿಕೊಂಡು, "ನಮ್ಮ ದೇವರಮನೆ ಬಾಗ್ಲು ಸಡ್ಲ ಆಗ್ಯದೆ. ಪುರುಸೊತ್ತಾದ್ರೆ ಒಂಚೂರು ನೋಡ್ತೀರಾ?" ಅಂದರು.

ಬೆಳಿಗ್ಗೆ ನನಗಾಗಿ ತಂದಿಟ್ಟ ಕುರ್ಚಿ ಸಂಜೆವರೆಗೂ ಅಲ್ಲೇ ಇತ್ತು. ಅದರ ಮೇಲೆ ನನ್ನ ಸ್ಕ್ರೂಡ್ರೈವರ್ ಚಾರ್ಜ್ ಆಗುತ್ತಿತ್ತು.

ಈಗ ಹೇಳಿ, ಕುರ್ಚಿಯಲ್ಲಿ ಕೂರಲು ನನಗೆಲ್ಲಿದೆ ಪುರುಸೊತ್ತು?